ಗೋಡೆಯಾಚೆಯ ಬಿಸಿ

ಮೂರನೆಯ ದಿನವೂ ಗೋಡೆ ತಣ್ಣಗೇ ಇತ್ತು. ಕಣ್ಣು ಬಿಡುವ ಮೊದಲೇ ಡೆಕ್ಲನ್‌ನ ಅಂಗೈ ಹಾಸಿಗೆಯ ಪಕ್ಕದ ಗೋಡೆಯನ್ನು ಮುಟ್ಟಿ ನೋಡಿ, ಸತ್ತ ಮೀನನ್ನು ಮುಟ್ಟಿದಂತೆ ಹಿಂದಕ್ಕೆ ಬಂತು. ದಿಂಬಿನ ಕೆಳಗಿದ್ದ ಫೋನಿನಲ್ಲಿ ಗೋದಾಮಿನ ಸಂದೇಶ ಬಂದು ಕೂತಿತ್ತು: ಇವತ್ತು ಕೆಲಸವಿಲ್ಲ, ನಾಳೆ ಕೇಳಿ ನೋಡು. ಬಯ್ಯಬೇಕೆನಿಸಿತು, ಬಯ್ಯಲಿಲ್ಲ. ಬಾಯಿ ತೆರೆದರೆ ಉಸಿರು ಬೆಳ್ಳಗೆ ಹೊರಬರುವುದು ಕಾಣುತ್ತಿತ್ತು, ಬಾಡಿಗೆ ಕೊಟ್ಟು ಇರುವ ಕೋಣೆಯಲ್ಲಿ ತನ್ನ ಉಸಿರನ್ನು ತಾನೇ ನೋಡುತ್ತ ಮಲಗುವುದು ಯಾರೋ ಮುಖಕ್ಕೆ ಉಗಿದ ಹಾಗೆ ಅನಿಸುತ್ತಿತ್ತು. ಈ ಮನೆಗೆ ಬಂದು ನಾಲ್ಕು ಚಳಿಗಾಲ. ಮೊದಲೇ ದುಡ್ಡು ತುಂಬಿಸಿದರೆ ಮಾತ್ರ ಗ್ಯಾಸು ಬಿಡುವ ಮೀಟರು. ಅವನು ತುಂಬಿಸುವುದು ಸ್ನಾನಕ್ಕೆ, ಅಡುಗೆಗೆ, ಅಷ್ಟೆ. ಆದರೂ ಈ ಕೋಣೆ ಯಾವತ್ತೂ ಹೀಗೆ ಕೊರೆದಿರಲಿಲ್ಲ. ನನ್ನ ಮೈ ಗಟ್ಟಿ, ನನಗೆ ಚಳಿ ತಾಕಲ್ಲ ಎಂದು ಗೋದಾಮಿನಲ್ಲಿ ಜಂಬ ಕೊಚ್ಚಿಕೊಂಡು ತಿರುಗಿದ್ದ. ಆ ಜಂಬ ಮೊನ್ನೆ ಇಳಿಯಿತು. ಗೋಡೆಯ ಆಚೆ ಪಕ್ಕದ ಮನೆಯ ಮಿಸೆಸ್ ಪಿಲಿಂಗ್ ಇದ್ದಾರೆ. ಬೀದಿಯುದ್ದಕ್ಕೂ ಅಂಟಿಕೊಂಡು ನಿಂತ ಮನೆಗಳಲ್ಲಿ ಎರಡೆರಡಕ್ಕೆ ಒಂದೇ ಗೋಡೆ, ಅವರ ಕೆಳಗಿನ ಕೋಣೆಯನ್ನು ಬೆಚ್ಚಗಿಡುವ ಗ್ಯಾಸ್ ಒಲೆಯ ಚಿಮಣಿ ಆ ಗೋಡೆಯ ಹೊಟ್ಟೆಯೊಳಗಿಂದಲೇ ಮೇಲಕ್ಕೆ ಹೋಗುತ್ತದೆ. ನಾಲ್ಕು ವರ್ಷ ಅವನು ಎಂಬತ್ತೊಂದು ವಯಸ್ಸಿನ ಮುದುಕಿಯ ಬೆಂಕಿಗೆ ಬೆನ್ನು ಕೊಟ್ಟು ಮಲಗಿದ್ದ. ಈಗ ಬೆಂಕಿ ಆರಿದೆ. ಯಾಕೆ ಆರಿತು ಎಂಬುದು ತನ್ನೊಬ್ಬನಿಗೇ ಗೊತ್ತು ಎಂದು ಅವನಿಗೆ ಅನಿಸಿತು, ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ.

ಹೊದಿಕೆಯೊಳಗೂ ಬೀದಿಯಲ್ಲಿ ಸಹಿ ಕೇಳುತ್ತ ಬಂದಿದ್ದ ಆ ಹೆಂಗಸು ನೆನಪಾಗಿ ಬಂದಳು, ಕೆಂಪು ಟೋಪಿ, ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ದಾರದಲ್ಲಿ ತೂಗುವ ಪೆನ್ನು. ಪಿಂಚಣಿಯವರಿಗೆ ಪ್ರತಿ ಚಳಿಗಾಲ ಮನೆ ಬೆಚ್ಚಗಿಡಲು ಕೊಡುತ್ತಿದ್ದ ಹಣವನ್ನು ಸರ್ಕಾರ ಈ ವರ್ಷ ಕಿತ್ತುಕೊಂಡಿದೆ, ನಾವು ತೀರ ಬಡವರು ಎಂದು ಅರ್ಜಿ ಹಾಕಿ ಸಾಬೀತು ಮಾಡಿದವರಿಗೆ ಮಾತ್ರ ಉಳಿಸಿದೆ, ಎಲ್ಲರಿಗೂ ವಾಪಸ್ಸು ಕೊಡಿ ಅಂತ ಒಂದು ಸಹಿ ಹಾಕಪ್ಪ ಎಂದಳು. ಹೋದ ವಾರ. ಮಿಸೆಸ್ ಪಿಲಿಂಗ್ ತಮ್ಮ ಬಾಗಿಲಲ್ಲಿ ನಿಂತು ಆಗಷ್ಟೇ ಸಹಿ ಹಾಕಿ ಪೆನ್ನನ್ನು ಅವನತ್ತ ಚಾಚಿದ್ದರು. ಅವತ್ತೂ ಗೋದಾಮಿನಲ್ಲಿ ಕೆಲಸವಿಲ್ಲ ಎಂದು ದಾರಿಯಿಂದಲೇ ವಾಪಸ್ಸು ಕಳಿಸಿದ್ದರು, ಬಸ್ಸಿನ ದುಡ್ಡು ದಂಡ. ಎದುರುಮನೆಯ ರಾತ್‌ವೆಲ್ ತನ್ನ ಬೆಳ್ಳಗಿನ ಕಾರು ಉಜ್ಜುತ್ತಿದ್ದ, ವರ್ಷಕ್ಕೆರಡು ಸಲ ಹಡಗಿನಲ್ಲಿ ಬಿಸಿಲು ಕಾಯಿಸಲು ಹೋಗುವ ರಾತ್‌ವೆಲ್, ಚಳಿಯ ಹಣ ಬಂದರೆ ವಿಸ್ಕಿ ತರುವ ರಾತ್‌ವೆಲ್. ಅವನನ್ನು ನೋಡಿ ಡೆಕ್ಲನ್‌ನ ಬಾಯಿ ತಾನಾಗಿ ತೆರೆಯಿತು. ಇವರಿಗೆ ಯಾಕೆ ಕೊಡ್ಬೇಕು, ಇವ್ರಿಗೆಲ್ಲ ಮನೆಗಳು ಬಿಟ್ಟಿ ರೇಟಿಗೆ ಸಿಕ್ವು, ಕೆಲಸ ಹುಟ್ಟಿದಾಗಿಂದ ಸಾಯೋವರೆಗೂ ಇತ್ತು, ನನ್ನ ಗ್ಯಾಸಿಗೆ ಯಾರು ಕೊಡ್ತಾರೆ, ಚಳಿ ಆದ್ರೆ ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ, ಇವ್ರು ಇದಕ್ಕೆ ಅರ್ಹರಲ್ಲ. ಅರ್ಹರಲ್ಲ ಎಂಬ ಮಾತು ಅವನದಾಗಿರಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟವನ ಬಾಯಿಗೆ ಆ ಮಾತು ನಿರುದ್ಯೋಗ ಭತ್ಯೆಯ ಕಚೇರಿಯಿಂದ ಬಂದಿತ್ತು. ಗಾಜಿನ ಆಚೆ ಕೂತ ಹುಡುಗಿ ಪರದೆ ನೋಡುತ್ತ, ಅವನ ಮುಖ ನೋಡದೆ, ನೀವು ಇದಕ್ಕೆ ಅರ್ಹರಲ್ಲ ಎಂದಿದ್ದಳು. ಆ ಮಾತನ್ನು ಎರಡು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಒಬ್ಬ ಮುದುಕಿಯ ಮೇಲೆ ಎಸೆದ. ಗುರಿ ಇಟ್ಟದ್ದು ರಾತ್‌ವೆಲ್‌ಗೆ, ಬಿದ್ದದ್ದು ಪಿಲಿಂಗ್‌ಗೆ. ಅವರು ರಟ್ಟನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮ ಹೆಸರಿನ ಮೇಲೆ ನಿಧಾನವಾಗಿ, ನೆಟ್ಟಗೆ, ಒಂದು ಗೆರೆ ಎಳೆದರು. "ಹುಡುಗ ಹೇಳೋದೂ ಸರೀನೇ" ಅಂದರು. ಬಾಗಿಲು ಹಾಕಿಕೊಂಡರು. ಕೂಗಾಡಿದ್ದರೆ ಅವನು ಗೆಲ್ಲುತ್ತಿದ್ದ.

ಹಾಕಿಕೊಂಡೇ ಮಲಗಿದ್ದ ಕೋಟಿನಲ್ಲೇ ಎದ್ದು ಹೊರಗೆ ಬಂದಾಗ ಒಂಬತ್ತೂ ಮುಕ್ಕಾಲು. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಬೀದಿ ಇಳಿಜಾರಿನುದ್ದಕ್ಕೂ ಬೆಳ್ಳಗಿತ್ತು, ಆಚೆ ಗುಡ್ಡದ ಮೇಲೆ ಕುರಿಗಳು ಕೂಡ ಕೊಳಕಾಗಿ ಕಾಣುತ್ತಿದ್ದವು. ಪಕ್ಕದ ಮನೆಯ ಕಿಟಕಿಗೆ ಪರದೆ ಎಳೆದಿತ್ತು. ಕೆಳಗಿನದಕ್ಕೂ, ಮೇಲಿನದಕ್ಕೂ. ಡೆಕ್ಲನ್ ಹೆಜ್ಜೆ ನಿಲ್ಲಿಸಿದ. ಅವನನ್ನು ಸಾಕಿದ್ದು ಅಜ್ಜಿ, ಎರಡು ಬೀದಿ ಆಚೆ, ಇಂಥದೇ ಮನೆಯಲ್ಲಿ. ಬೆಳಕಿರುವಾಗ ಪರದೆ ಎಳೆದ ಮನೆಯ ಮುಂದೆ ಚೆಂಡಾಟ ಆಡಬಾರದು, ಶಿಳ್ಳೆ ಹೊಡೆಯಬಾರದು, ಟೋಪಿ ತೆಗೆದು ದಾಟಬೇಕು, ಒಳಗೆ ಹೆಣವಿರುತ್ತದೆ ಎಂದು ಕಲಿಸಿದ್ದಳು. ಅಜ್ಜಿ ಹೋದ ದಿನ ಪರದೆ ಎಳೆದವನು ಇವನೇ, ಹದಿನೈದು ವಯಸ್ಸು, ಪರದೆಯ ಕೊಂಡಿ ಕಿತ್ತು ಕೈಗೆ ಬಂದು, ಎರಡು ದಿನ ಬಟ್ಟೆಯನ್ನು ಪಿನ್ನು ಚುಚ್ಚಿ ನಿಲ್ಲಿಸಬೇಕಾಗಿ ಬಂದಿತ್ತು. ಈ ಊರಿನ ಯಾರಿಗೆ ಬೇಕಾದರೂ ತೋರಿಸಿ, ಹಗಲು ಎಳೆದ ಪರದೆಗೆ ಒಂದೇ ಅರ್ಥ. ಆದರೆ ಸತ್ತವರು ತಾವೇ ಎದ್ದು ಪರದೆ ಎಳೆಯುವುದಿಲ್ಲ, ಹಾಗಾದರೆ ರಾತ್ರಿ ಎಳೆದದ್ದು ಬೆಳಗ್ಗೆ ಸರಿಸಲಾಗಿಲ್ಲ. ಯಾವ ರಾತ್ರಿ? ನಿನ್ನೆ ಇವನು ಹೊರಗೆ ಹೋದಾಗ ಕತ್ತಲು, ಬಂದಾಗ ಕತ್ತಲು. ಮೊನ್ನೆಯೂ. ಬಾಗಿಲು ಬಡಿದ. ಅಂಚೆ ಹಾಕುವ ಕಂಡಿ ಎತ್ತಿ ಬಾಯಿಟ್ಟು ಕೂಗಿದ. ಒಳಗಿಂದ ಬಂದದ್ದು ಅವನ ತುಟಿಗೆ ತಾಗಿದ ತಣ್ಣಗಿನ ಗಾಳಿ ಮಾತ್ರ, ಬಾವಿಯೊಳಗಿನ ಗಾಳಿಯಂಥದ್ದು. ಕಂಡಿ ಬಿಟ್ಟು ನಿಂತವನಿಗೆ ಮೊದಲು ಬಂದ ಯೋಚನೆ ಮುದುಕಿಯದಲ್ಲ: ನಾನು ಹೇಳಿದ ಮಾತು ಕೇಳಿಸಿಕೊಂಡವರು ಇಬ್ಬರಿದ್ದಾರೆ, ರಾತ್‌ವೆಲ್ ಮತ್ತು ಕೆಂಪು ಟೋಪಿಯವಳು, ಅವರು ಬೀದಿಗೆಲ್ಲ ಹೇಳುತ್ತಾರೆ. ಇಂಥ ಹೊತ್ತಿನಲ್ಲೂ ತನಗೆ ಬಂದದ್ದು ಇದು ಎಂದು ತಿಳಿದು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅಸಹ್ಯದಿಂದ ಯಾರ ಬಾಗಿಲೂ ತೆರೆಯುವುದಿಲ್ಲ. ಬೀಗದಕೈ ಇದ್ದರೆ ಎದುರುಮನೆಯಲ್ಲಿ, ಬೇರೆ ಎಲ್ಲೂ ಇಲ್ಲ.

ರಾತ್‌ವೆಲ್ ಬಾಗಿಲು ತೆಗೆದಾಗ ಒಳಗಿನ ಬಿಸಿ ಡೆಕ್ಲನ್‌ನ ಮುಖಕ್ಕೆ ಬಡಿಯಿತು, ಮೂಗು ಕರಗಿ ಸೋರತೊಡಗಿತು. ಕೋಟಿನ ತೋಳಿನಲ್ಲಿ ಒರೆಸಿಕೊಂಡ. ಮುದುಕ ಅರ್ಧ ತೋಳಿನ ಅಂಗಿಯಲ್ಲಿದ್ದ, ಡಿಸೆಂಬರ್‌ನಲ್ಲಿ.

"ಓಹೋ. ಸ್ವೆಟರ್ ಸಾಹೇಬ್ರು."

"ಮಿಸೆಸ್ ಪಿಲಿಂಗ್ ಮನೆ ಬೀಗದಕೈ ನಿಮ್ಮತ್ರ ಇದ್ಯಾ?"

"ಯಾಕೆ, ಒಳಗೆ ಹೋಗಿ ಇನ್ನೊಂದು ಭಾಷಣ ಮಾಡಕ್ಕಾ?"

"ಪರದೆ ಎಳ್ದಿದೆ, ಮಿಸ್ಟರ್ ರಾತ್‌ವೆಲ್. ಬೆಂಕಿ ಮೂರು ದಿನದಿಂದ ಹಚ್ಚಿಲ್ಲ. ಕೂಗಿದ್ರೆ ಓ ಅಂತಿಲ್ಲ."

ರಾತ್‌ವೆಲ್ ಅವನ ಹೆಗಲ ಮೇಲಿಂದ ಎದುರು ಕಿಟಕಿ ನೋಡಿದ. ಮುಖದ ನಗು ಇಳಿಯಲಿಲ್ಲ, ಇದ್ದಲ್ಲೇ ಹಳಸಿತು. ಒಳಗೆ ಹೋಗಿ ಡ್ರಾಯರುಗಳನ್ನು ಎಳೆದಾಡುವ ಸದ್ದು ಕೇಳಿಸಿತು. ಗೋಡೆಯ ಮೇಲಿನ ಫೋಟೋದಲ್ಲಿ ಹಡಗಿನ ಕಟಕಟೆಗೆ ಒರಗಿ ನಿಂತ ಮುದುಕನೂ ಅವನ ಹೆಂಡತಿಯೂ ಡೆಕ್ಲನ್‌ನ ಕಡೆ ನೋಡಿ ನಗುತ್ತಿದ್ದರು. ಹೆಂಡತಿ ಸತ್ತು ಎಷ್ಟೋ ವರ್ಷವಾಗಿರಬೇಕು, ಅವಳನ್ನು ಡೆಕ್ಲನ್ ನೋಡಿಯೇ ಇರಲಿಲ್ಲ. "ನಿಂಗೆ ಹೆಂಗೆ ಗೊತ್ತು, ಬೆಂಕಿ ಹಚ್ಚಿಲ್ಲ ಅಂತ?" ಎಂದು ರಾತ್‌ವೆಲ್ ಒಳಗಿಂದ ಕೂಗಿ ಕೇಳಿದ. ಡೆಕ್ಲನ್ ತಿರುಗಿ ಎದುರಿನ ಪರದೆ ನೋಡಿದ. ಮುದುಕ ಬೀಗದಕೈ ಹಿಡಿದು, ಕೋಟು ಹಾಕದೆ, ಮನೆಯೊಳಗೆ ಹಾಕುವ ಮೆತ್ತನೆಯ ಸ್ಲಿಪ್ಪರಿನಲ್ಲೇ ಬೀದಿಗೆ ಇಳಿದ. ಹಿಮಗಟ್ಟಿದ ಕಲ್ಲುಗಳ ಮೇಲೆ ಕಾಲು ಜಾರಿದಾಗ ಡೆಕ್ಲನ್ ತೋಳು ಹಿಡಿದ. ಬೀದಿ ದಾಟುವವರೆಗೂ ಆ ತೋಳು ಬಿಡಲಿಲ್ಲ.

ಒಳಗೆ ಹೊರಗಿನಷ್ಟೇ ಚಳಿ, ಆದರೆ ನಿಂತ ಚಳಿ. ರಾತ್‌ವೆಲ್ ಮಂಡಿ ನೋವೆಂದು ಕೆಳಗೇ ಉಳಿದ, ನೀನೇ ಹೋಗು ಎಂಬಂತೆ ಗಲ್ಲ ಎತ್ತಿ ಮೆಟ್ಟಿಲು ತೋರಿಸಿದ. ಒಟ್ಟು ಹದಿಮೂರು ಮೆಟ್ಟಿಲು, ತನ್ನ ಮನೆಯವೇ ಕನ್ನಡಿಯಲ್ಲಿ ತಿರುಗಿಸಿಟ್ಟಂತೆ, ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ. ಏಳನೆಯದರಲ್ಲಿ ನಿಂತ. ಬದುಕಿರಲಿ, ಬದುಕಿದ್ದರೆ ಸಹಿ ಹಾಕುತ್ತೇನೆ, ಹತ್ತು ಸಹಿ ಹಾಕುತ್ತೇನೆ, ರಾತ್‌ವೆಲ್‌ನ ವಿಸ್ಕಿಗೂ ಹಾಕುತ್ತೇನೆ. ಯಾರಿಗೆ ಹೇಳುತ್ತಿದ್ದ ಅವನಿಗೇ ತಿಳಿಯಲಿಲ್ಲ, ದೇವರ ಹತ್ತಿರ ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ಅಜ್ಜಿ ಸತ್ತಾಗ ಅವಳ ಕೈ ಹೀಗೇ ಇತ್ತು, ಮೆಟ್ಟಿಲ ಪಕ್ಕದ ಈ ಕಟ್ಟಿಗೆಯ ಹಿಡಿಕೆಯ ಹಾಗೆ, ಮುಟ್ಟಿದ್ದು ಮನುಷ್ಯರನ್ನಲ್ಲ ಎನ್ನುವ ಹಾಗೆ. ಆ ಮುಟ್ಟುವುದೊಂದು ಇನ್ನೊಮ್ಮೆ ಬೇಡ. ಕೋಣೆಯ ಬಾಗಿಲು ತಳ್ಳಿದ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಹಾಸಿಗೆಯ ಮೇಲೆ ಒಬ್ಬರು ಮಲಗಿದ್ದರು, ಕಾಲು ಮಡಚಿ, ಗೋಡೆಗೆ ಮುಖ ಮಾಡಿ. ಕಣ್ಣು ಹೊಂದಿಕೊಂಡ ಮೇಲೆ ಅದು ಸುತ್ತಿಟ್ಟ ಹೊದಿಕೆ, ಮೇಲೆ ಎರಡು ದಿಂಬು, ಪಕ್ಕದಲ್ಲಿ ಖಾಲಿ ಮಾಡಿ ಒಣಗಲು ತಲೆಕೆಳಗು ಇಟ್ಟ ಬಿಸಿನೀರಿನ ಚೀಲ. ಹಾಸಿಗೆ ಆಸ್ಪತ್ರೆಯ ಹಾಸಿಗೆಯಷ್ಟು ನೀಟಾಗಿತ್ತು. ಡೆಕ್ಲನ್ ಅದರ ಅಂಚಿನಲ್ಲಿ ಕೂತುಬಿಟ್ಟ.

"ಏನಿದ್ಯೋ ಅಲ್ಲಿ?" ಕೆಳಗಿಂದ ರಾತ್‌ವೆಲ್ ಕೂಗಿದ.

"ಇಲ್ಲ. ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ?"

"ಹಾಸಿಗೆ ಸುತ್ತಿಟ್ಟಿದೆ."

ಕೆಳಗೆ ಮುದುಕ ಕೆಮ್ಮಿದನೋ ನಕ್ಕನೋ. "ಇಳಿದು ಬಾರೋ ಮಂಕೆ. ಬಸ್ ಪಾಸು ಮೊಳೆಯಲ್ಲಿಲ್ಲ. ಫ್ಲಾಸ್ಕೂ ಇಲ್ಲ. ಗಂಟೆ ಎಷ್ಟು ಈಗ?"

"ಹತ್ತು."

"ಒಂಬತ್ತೂವರೆ ಆದ್ಮೇಲೆ ಮುದುಕರ ಪಾಸು ನಡೆಯುತ್ತೆ. ಬಸ್ಸಲ್ಲಿ ಕೂತಿರ್ತಾಳೆ ನಿನ್ನ ಪಕ್ಕದ್ಮನೆ ಅಮ್ಮ, ಮಹಾರಾಣಿ ಹಾಗೆ. ನಮ್ಮೂರು ಬೇಕಪ್‌ನಿಂದ ಟಾಡ್ಮರ್ಡನ್ನು, ಟಾಡ್ಮರ್ಡನ್‌ನಿಂದ ಬೇಕಪ್ಪು. ಬಸ್ಸಲ್ಲಿ ಹೀಟರ್ ಇರುತ್ತಲ್ಲ."

"ಮತ್ತೆ ಪರದೆ?"

"ಗಾಜಿಂದ ಚಳಿ ಬರುತ್ತೆ ಅಂತ ಎಳ್ದಿರ್ತಾಳೆ. ಎಳೆದ ಪರದೆಗೆಲ್ಲ ಹೆಣ ಹುಡ್ಕೋಕೆ ಇದೇನು ನಿಮ್ಮಜ್ಜಿ ಕಾಲವಾ?" ಆದರೆ ಮೆಟ್ಟಿಲ ಕೆಳಗೆ ನಿಂತವನ ಬಿಳಿ ಮೀಸೆ ನಡುಗುತ್ತಿತ್ತು, ಬರಿಯ ತೋಳುಗಳ ಕೂದಲು ಎದ್ದು ನಿಂತಿದ್ದವು. ಅವನೂ ಹೆಣವನ್ನೇ ಹುಡುಕಿ ಬಂದಿದ್ದ. ಡೆಕ್ಲನ್ ತನ್ನ ಮಫ್ಲರ್ ಬಿಚ್ಚಿ ಕೊಟ್ಟ. ರಾತ್‌ವೆಲ್ ತಗೊಂಡ, ಕುತ್ತಿಗೆಗೆ ಸುತ್ತಿಕೊಂಡ, "ಇದ್ರಲ್ಲಿ ಸಿಗರೇಟು ನಾತ" ಅಂದ.

ಅಲ್ಲಿಗೆ ಮುಗಿಯಬೇಕಿತ್ತು. ಬದುಕಿದ್ದಾರೆ, ಮನೆಗೆ ಹೋಗಿ ಮಲಗಬಹುದು. ಆದರೆ ಕಾಲು ಇಳಿಜಾರಿನಲ್ಲಿ ತಾವಾಗಿ ಇಳಿದು ಬಸ್ ಸ್ಟಾಪಿಗೆ ಬಂದವು, ಕಣ್ಣಿಗೆ ಕಂಡ ಹೊರತು ಅವನಿಗೆ ನಂಬಿಕೆ ಬರಲೊಲ್ಲದು. ಸಾವು ತಪ್ಪಿತು, ಚಳಿ ತಪ್ಪಲಿಲ್ಲವಲ್ಲ. ಎಂಬತ್ತೊಂದು ವಯಸ್ಸಿನವರು ಬೆಂಕಿ ಆರಿಸಿ ಬಸ್ಸಿನಲ್ಲಿ ತಿರುಗಾಡುವುದು ತನ್ನ ಒಂದು ಮಾತಿಗಾಗಿ ಎಂದಾದರೆ, ಆ ಮಾತನ್ನು ಈಗ ಎಲ್ಲಿ ಇಟ್ಟುಕೊಳ್ಳುವುದು. ಅರ್ಧ ಗಂಟೆ ನಿಂತ, ಕಾಲ್ಬೆರಳು ಇವೆಯೋ ಇಲ್ಲವೋ ಎನ್ನುವಷ್ಟಾಯಿತು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಕಿಟಕಿಗಳೆಲ್ಲ ಒಳಗಿನ ಉಸಿರಿಗೆ ಮಸುಕಾಗಿದ್ದವು, ಒಂದರಲ್ಲಿ ಮಾತ್ರ ಯಾರೋ ಕೈಯಲ್ಲಿ ಒರೆಸಿ ತಟ್ಟೆಯಗಲ ಜಾಗ ಮಾಡಿದ್ದರು. ಅದರೊಳಗೆ ಮಿಸೆಸ್ ಪಿಲಿಂಗ್ ಅವರ ಮುಖ, ಫೋಟೋಗೆ ಕೂತಂತೆ. ಡೆಕ್ಲನ್‌ಗೆ ಉಸಿರು ಎಷ್ಟು ಹೊತ್ತಿನಿಂದ ಕಟ್ಟಿತ್ತೋ ಈಗ ಹೊರಗೆ ಬಂತು, ಬೆಳ್ಳಗೆ, ಉದ್ದಕ್ಕೆ. ಹತ್ತಿ ಎರಡು ಪೌಂಡ್ ಕೊಟ್ಟು ಟಾಡ್ಮರ್ಡನ್‌ವರೆಗೆ ಒಂದು ಟಿಕೆಟ್ ಕೇಳಿದ.

"ದುಡ್ಡು ಕೊಟ್ಟೋನು ನೀನೊಬ್ಬನೇ ಇವತ್ತು" ಅಂದ ಡ್ರೈವರ್, ಗಡ್ಡದ ಶಬೀರ್. "ಈ ದುಡ್ಡಿಗೆ ಫ್ರೇಮ್ ಹಾಕಿಸ್ತೀನಿ."

ಹಿಂದಿನ ಸೀಟುಗಳಲ್ಲಿ ಐದಾರು ಮುದುಕಿಯರು, ಇಬ್ಬರು ಮುದುಕರು. ಎಲ್ಲರ ಕುತ್ತಿಗೆಯಲ್ಲೂ ದಾರದಲ್ಲಿ ಪಾಸು. ಮಿಸೆಸ್ ಪಿಲಿಂಗ್ ಪಕ್ಕದಲ್ಲಿ ದಪ್ಪ ಕನ್ನಡಕದ ಒಬ್ಬಾಕೆ ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡು ಕೂತಿದ್ದಳು.

"ಏನ್ ಮರಿ, ಕೆಲಸ ಇಲ್ವಾ ಇವತ್ತೂ?" ಕೇಳಿದರು ಮಿಸೆಸ್ ಪಿಲಿಂಗ್.

"ನೀವು ಸತ್ತೋದ್ರಿ ಅಂದ್ಕೊಂಡೆ" ಅಂದ ಡೆಕ್ಲನ್. ಬೇರೆ ಏನೋ ಹೇಳಬೇಕೆಂದಿದ್ದ.

"ಇವಳನ್ನ ಬೆಳಗ್ಗೆ ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ" ಅಂದಳು ಕನ್ನಡಕದಾಕೆ.

"ನೀ ಸುಮ್ನಿರು ಮೇವಿಸ್. ಕೂತ್ಕೋ ಮರಿ. ಯಾಕೆ ಹಾಗಂದ್ಕೊಂಡೆ?"

ಕೂತ. ಹೇಳಿದ. ಗೋಡೆ, ಪರದೆ, ಬೀಗದಕೈ, ರಾತ್‌ವೆಲ್. ಹೇಳುತ್ತ ಹೇಳುತ್ತ ತನ್ನ ಧ್ವನಿ ಮೇಷ್ಟರ ಮುಂದೆ ನಿಂತ ಹುಡುಗನದಾಗುತ್ತಿದೆ ಎಂದು ತಿಳಿದು ಕೊನೆಯದನ್ನು ಕಿಟಕಿ ನೋಡುತ್ತ ಹೇಳಿದ. "ನಾನು ಅವತ್ತು ಹಾಗಂದಿದ್ದಕ್ಕೆ ಬೆಂಕಿ ಆರಿಸಿದ್ರಿ."

ಮಿಸೆಸ್ ಪಿಲಿಂಗ್ ಅವನನ್ನು ನೋಡಿದರು. ಆಮೇಲೆ ಮೇವಿಸ್‌ಳನ್ನು ನೋಡಿದರು. "ಗ್ಯಾಸಿನೋನು ಬಂದಿದ್ದ ಕಣೋ ಸೋಮವಾರ. ಹೊಗೆ ಒಳಗೇ ಸೋರ್ತಿದೆ, ಹಚ್ಚಿದ್ರೆ ನಿದ್ದೇಲೇ ಹೋಗ್ಬಿಡ್ತೀರಾ ಅಂತ ಕೆಂಪು ಚೀಟಿ ಅಂಟಿಸಿ ಹೋದ. ಹೊಸ ಒಲೆ ಶುಕ್ರವಾರ ಬರುತ್ತೆ. ನಿನ್ನ ಮಾತಿಗೆ ಬೆಂಕಿ ಆರಿಸ್ತೀನಾ ನಾನು? ಯಾರಪ್ಪ ನೀನು, ಅಷ್ಟು ದೊಡ್ಡ ಮನುಷ್ಯ?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಡೆಕ್ಲನ್‌ಗೆ ಬಿಡುಗಡೆಯೂ ಆಯಿತು, ಕೆನ್ನೆಗೆ ತಟ್ಟಿದಂತೆಯೂ ಆಯಿತು. ಮೂರು ದಿನ ಹೊತ್ತ ಪಾಪ ತನ್ನದಲ್ಲ. ಅಷ್ಟು ಪಾಪಕ್ಕೆ ತಾನು ಆಳೂ ಅಲ್ಲ. ಸೀಟಿನ ಕೆಳಗಿಂದ ಬಿಸಿಗಾಳಿ ಮೀನಖಂಡಕ್ಕೆ ತಾಗುತ್ತಿತ್ತು, ಕಾಲ್ಬೆರಳು ಒಂದೊಂದಾಗಿ ಇವೆ ಎಂದು ಹೇಳತೊಡಗಿದವು.

"ಮತ್ತೆ ಹೆಸರು ಯಾಕೆ ಹೊಡೆದ್ಹಾಕಿದ್ರಿ?"

"ನಾಚಿಕೆ ಆಯ್ತು. ಒಳಗೆ ಹೋಗಿ ಟೀ ಕುಡೀತಾ ಕೂತೆ, ನಾಚಿಕೆ ಯಾಕಾಯ್ತು ನಂಗೆ ಅಂತ ಸಿಟ್ಟು ಬಂತು. ಮೂವತ್ನಾಲ್ಕು ವರ್ಷ ಸ್ಲಿಪ್ಪರ್ ಫ್ಯಾಕ್ಟರೀಲಿ ಊರಿನೋರ ಕಾಲಿಗೆಲ್ಲ ಉಣ್ಣೆ ಹೊಲ್ದಿದೀನಿ. ಮಾರನೇ ದಿನ ಲೈಬ್ರರೀಲಿ ಅದೇ ಕಾಗದ ಇಟ್ಟಿದ್ರು. ಹೋಗಿ ಹಾಕಿ ಬಂದೆ. ಗುಂಡಗೆ, ಪೂರ್ತಿ ಹೆಸರು."

"ಎರಡು ಸಲ" ಅಂದಳು ಮೇವಿಸ್. "ಒಂದು ನಂದು. ನಾನು ಕನ್ನಡಕ ಮರೆತಿದ್ದೆ."

"ಆದ್ರೆ ರಾತ್‌ವೆಲ್‌ಗೆ ಯಾಕೆ ಕೊಡ್ಬೇಕು?" ಡೆಕ್ಲನ್ ಕೇಳಿದ. ಮನೆಯ ಮೆಟ್ಟಿಲ ಮೇಲೆ ಕೊಟ್ಟ ಮಾತು ನೆನಪಿತ್ತು, ಆದರೂ ಸಿಟ್ಟು ಸುಳ್ಳಾಗಿರಲಿಲ್ಲ, ಅದು ಇನ್ನೂ ಅಲ್ಲೇ ಇತ್ತು, ಸ್ವಲ್ಪ ಬೆಚ್ಚಗಾಗಿ. "ಅರ್ಧ ತೋಳಿನ ಅಂಗಿ ಹಾಕ್ಕೊಂಡಿದಾನೆ ಮನೇಲಿ."

"ರಾಯ್ ರಾತ್‌ವೆಲ್‌ಗೆ ಬೇಕಾಗಿಲ್ಲ ಅಂತ ನಂಗೆ ಗೊತ್ತಿಲ್ವಾ? ಅವನನ್ನ ಸೋಸಿ ತೆಗೀತೀವಿ ಅಂತ ಸರ್ಕಾರದೋರು ಜರಡಿ ಹಿಡಿದ್ರು ಮರಿ, ಅವನ ಜೊತೆ ನಾನೂ ಜರಡೀಲೇ ಉಳ್ಕೊಂಡೆ. ಫ್ಯಾಕ್ಟರಿ ಪಿಂಚಣಿ ಬರುತ್ತಲ್ಲ, ಬಡವರಿಗೆ ಅಂತ ಅವ್ರಿಟ್ಟ ಮಿತಿಗಿಂತ ವಾರಕ್ಕೆ ಒಂದು ಬ್ರೆಡ್ಡಿನ ಬೆಲೆಯಷ್ಟು ಜಾಸ್ತಿ ಆಯ್ತಂತೆ. ಶುಕ್ರವಾರ ಹೊಸದು ಬಂದ್ರೂ ಸಂಜೆ ಎರಡು ಗಂಟೆ ಅಷ್ಟೆ ಹಚ್ಚೋದು ಈ ವರ್ಷ. ನಿನ್ನ ಗೋಡೆಗೂ ಅಷ್ಟೆ."

"ನಿಮ್ಗೆ ಗೊತ್ತಿತ್ತಾ, ಗೋಡೆದು?"

"ನನ್ನ ಗಂಡ ಸ್ಟಾನ್ ಇದ್ದಾಗ ಬಯ್ತಾನೇ ಇರ್ತಿದ್ದ, ಅರ್ಧ ಬೆಂಕಿ ಪಕ್ಕದ ಮನೆಯೋರಿಗೆ ಹೋಗುತ್ತೆ ಅಂತ. ಏನು ಮಾಡಕ್ಕಾಗುತ್ತೆ, ಈ ಕಡೆ ಮಾತ್ರ ಬಿಸಿಯಾಗು ಅಂತ ಗೋಡೆಗೆ ಹೇಳಕ್ಕಾಗುತ್ತಾ?"

ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಹಾಕಿ ಅವನ ಕೈಗೆ ಕೊಟ್ಟರು, ಕೇಳಲಿಲ್ಲ. ಬಸ್ಸು ಗುಡ್ಡ ಹತ್ತಿ ಇಳಿಯುತ್ತಿತ್ತು. ಯಾರ್ಕ್‌ಶೈರ್‌ನ ಗಡಿಯ ಹಲಗೆ ದಾಟುವಾಗ ಮುದುಕರೆಲ್ಲ ಪಕ್ಕದ ಸೀಮೆಯವರನ್ನು ಗೇಲಿ ಮಾಡುವ ಹಳೆಯ ರೂಢಿಯಂತೆ ಒಟ್ಟಿಗೆ ಮೂಗು ಮುಚ್ಚಿಕೊಂಡರು, ಕಾಲ ಕೆಳಗೆ ಹೀಟರು ಗುರುಗುಟ್ಟುತ್ತಿತ್ತು, ಮೇವಿಸ್‌ಳ ಸೂಜಿಗಳು ಒಂದನ್ನೊಂದು ತಾಗುತ್ತಿದ್ದವು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಡೆಕ್ಲನ್‌ಗೆ ಮೂರು ದಿನದಲ್ಲಿ ಮೊದಲ ಸಲ ನಿದ್ದೆ ಬಂತು, ಕಣ್ಣು ಮುಚ್ಚಿತು.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ಟಾಡ್ಮರ್ಡನ್, ಕೊನೆಯ ಸ್ಟಾಪು. ಎಂಜಿನ್ ಓಡುತ್ತಲೇ ಇತ್ತು. ನಿಂತಾಗ ಆರಿಸಬೇಕೆಂಬ ನಿಯಮವನ್ನು ಶಬೀರ್ ಈ ಗಾಡಿಯಲ್ಲಿ ಮರೆಯುತ್ತಾನೆಂದು ಕಾಣುತ್ತದೆ. ಮುದುಕರು ಯಾರೂ ಅಲುಗಾಡಿರಲಿಲ್ಲ. ಶಬೀರ್ ತನ್ನ ಸ್ಯಾಂಡ್‌ವಿಚ್ ಹಿಡಿದು ಎದ್ದುಬಂದು ಸೀಟುಗಳ ನಡುವೆ ನಿಂತು, ಎಲ್ಲರನ್ನೂ ಬಿಟ್ಟು ಅವನೊಬ್ಬನನ್ನು ನೋಡಿದ.

"ನಿನ್ನ ಟಿಕೆಟ್ಟು ಇಲ್ಲಿಗೆ ಮುಗೀತು. ಇಳಿ ಮತ್ತೆ. ಇಲ್ಲಿ ಪುಕ್ಕಟೆ ಕೂತಿರೋಕೆ ವಯಸ್ಸು ಅರವತ್ತಾರು ಆಗಿರ್ಬೇಕು."

ಡೆಕ್ಲನ್ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಎರಡು ಪೌಂಡ್ ಇರಲಿಲ್ಲ. ಹೊರಗೆ ಹಿಮದ ಪುಡಿ ಬೀಳತೊಡಗಿತ್ತು, ವಾಪಸ್ಸು ಆರು ಮೈಲಿ ನಡಿಗೆ. ಎದ್ದು ನಿಂತ. ಮಿಸೆಸ್ ಪಿಲಿಂಗ್ ಕಿಟಕಿಯಿಂದ ಮುಖ ತಿರುಗಿಸದೆ ಅವನ ಕೋಟಿನ ಅಂಚು ಹಿಡಿದು ಕೂರಿಸಿದರು.

"ಅರವತ್ತಾರು ಆಗಿದೆ ಅವನಿಗೆ" ಅಂದರು.

"ಇವನಿಗೆ? ಯಾವಾಗ?"

"ಇವತ್ತು ಬೆಳಗ್ಗೆ."

ಶಬೀರ್ ಹುಡುಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಹೌದೋ ಅಲ್ಲವೋ ಎಂದು ತೂಗುವ ಹಾಗೆ. ಆಮೇಲೆ ಸ್ಯಾಂಡ್‌ವಿಚ್ ಕಚ್ಚಿಕೊಂಡು ತನ್ನ ಸೀಟಿಗೆ ಹೋಗಿ ಕೂತ, ಗುಂಡಿ ಒತ್ತಿ ಬಾಗಿಲು ಮುಚ್ಚಿದ.